ಕಸಂ ಪರೇಡಿಗೆ ಬಂದ ಸುಬೇದಾರ್ ಸಾಹೇಬರಿಗೆ

ಸಾಹೇಬರೇ, ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದಲ್ಲಿ ನಮ್ಮ ಹುಡುಗರು ನಾಲ್ಕು ವರ್ಷದ ಸೇವೆಯ ಅಗ್ನಿವೀರರಾಗಿ ಕಸಂ, ಅಂದರೆ ಪ್ರಮಾಣವಚನ, ತಗೊಂಡ ದಿನ ನೀವೂ ಬಂದು ಕೂತಿದ್ದಿರಿ. ಸೇನೆಯ ಭರ್ತಿ ಕಚೇರಿಯ ನೌಕರಿ ಮುಗಿಸಿ ನಿವೃತ್ತರಾದ ನಿಮಗೆ ಬರಲೇಬೇಕೆಂಬ ಕಟ್ಟು ಏನೂ ಇರಲಿಲ್ಲ. ಪಾಲಕರೆಲ್ಲ ಸೇರಿ ನಿಮಗೆ ಧನ್ಯವಾದ ಹೇಳುತ್ತಿದ್ದೇವೆ. ಯಾತಕ್ಕೆ ಅಂತ ಬಿಡಿಸಿ ಬರೆದರೆ ಮುಂದಿನ ಭರ್ತಿಗೆ ಹೋಗುವವರಿಗೂ ಉಪಯೋಗವಾದೀತು.

ಮೊದಲನೆಯದು ಕಾಗದಪತ್ರ. ಆಧಾರ್‌ನಲ್ಲಿರುವ ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೊತೆ ಅಕ್ಷರಕ್ಕೆ ಅಕ್ಷರ ಕೂಡಬೇಕು. ನಮ್ಮ ಕಡೆ ಇನಿಷಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ. ಅಡ್ಡಹೆಸರು ಒಂದರಲ್ಲಿದ್ದರೆ ಇನ್ನೊಂದರಲ್ಲಿಲ್ಲ. ಅಂಕಪಟ್ಟಿ ತಿದ್ದಿಸುವುದು ದೊಡ್ಡ ಫಜೀತಿ, ಆಧಾರ್ ತಿದ್ದಿಸುವುದು ಹಗುರ. ಅದನ್ನು ಆನ್‌ಲೈನ್ ಅರ್ಜಿಗಿಂತ ಮೊದಲೇ ಮಾಡಿಸಿದಿರಿ. ನಡತೆ ಪ್ರಮಾಣಪತ್ರ, ಅವಿವಾಹಿತ ಪ್ರಮಾಣಪತ್ರ ಆರು ತಿಂಗಳ ಒಳಗಿನವೇ ಇರಬೇಕೆಂದು ತಾರೀಖು ನೋಡಿ ನೋಡಿ ವಾಪಸ್ ಕಳಿಸಿದಿರಿ. ಆಗ ಸಿಟ್ಟು ಬಂದದ್ದು ನಿಜ.

ಇನ್ನು ಗ್ರೌಂಡ್, ಅಂದರೆ ಮೈದಾನದ ದೈಹಿಕ ಪರೀಕ್ಷೆ. 1.6 ಕಿ.ಮೀ. ಓಟವನ್ನು 5 ನಿಮಿಷ 30 ಸೆಕೆಂಡಿನ ಒಳಗೆ ಮುಗಿಸಿದರೆ 60 ಅಂಕ. 400 ಮೀಟರಿನ ನಾಲ್ಕು ಸುತ್ತೆಂದರೆ ಸುತ್ತಿಗೆ 82 ಸೆಕೆಂಡು ಚಿಲ್ಲರೆ. ನೂರಾರು ಹುಡುಗರನ್ನು ಒಟ್ಟಿಗೆ ಬಿಟ್ಟಾಗ ನೂಕಾಟದಲ್ಲಿ ಮೊದಲ ಸುತ್ತನ್ನೇ 70ಕ್ಕೆ ಓಡಿಬಿಡುತ್ತಾರೆ, ಮೂರನೆಯದರಲ್ಲಿ ಕಾಲು ಕಲ್ಲಾಗುತ್ತದೆ. ಅದಕ್ಕೇ ನೀವು ಗಡಿಯಾರ ಹಿಡಿದು ಮೊದಲ ಸುತ್ತು 80ಕ್ಕಿಂತ ಬೇಗ ಬಂದವನನ್ನೇ ಬೈಯುತ್ತಿದ್ದಿರಿ! ಬೀಮ್, ಅಂದರೆ ಕಂಬಿಗೆ ಜೋತು ಮೈ ಮೇಲಕ್ಕೆಳೆಯುವುದು, ಹತ್ತು ಹೊಡೆದರೆ 40 ಅಂಕ, ಆರಕ್ಕೆ ಬರೀ 16. ಕೈ ಪೂರ್ತಿ ನೇರವಾಗದಿದ್ದರೆ, ಗದ್ದ ಕಂಬಿ ದಾಟದಿದ್ದರೆ, ಕಾಲು ಜಾಡಿಸಿದರೆ ಅದು ಎಣಿಕೆಗೆ ಇಲ್ಲ. ಮನೆಯಲ್ಲಿ ಹದಿನೈದು ಹೊಡೆಯುವವನು ಅಲ್ಲಿ ಏಳಕ್ಕೆ ಜೋತುಬೀಳುವುದು ಓಡಿ ದಣಿದ ಮೈಯಲ್ಲಿ ಬೀಮ್ ಹಿಡಿಯುವ ರೂಢಿ ಇಲ್ಲದ್ದಕ್ಕೆ. ಓಟ ಮುಗಿದ ಕೂಡಲೇ ಬೀಮ್ ಎಂಬ ನಿಮ್ಮ ಕ್ರಮ ಅಲ್ಲಿ ಕೈಹಿಡಿಯಿತು. ಒಂಬತ್ತಡಿ ಹಳ್ಳ ಹಾರುವುದಕ್ಕೆ, ಅಂಕುಡೊಂಕು ಪಟ್ಟಿಯ ಮೇಲೆ ಬೀಳದೆ ನಡೆಯುವ ಜಿಗ್‌ಜ್ಯಾಗ್‌ಗೆ ಅಂಕವಿಲ್ಲ, ಪಾಸಾದರೆ ಸಾಕು.

ಮೆಡಿಕಲ್‌ಗೆ ಮೊದಲು ಕಿವಿಯ ಗುಗ್ಗೆ ಡಾಕ್ಟರ ಹತ್ತಿರವೇ ತೆಗೆಸಿ, ಕಡ್ಡಿ ಹಾಕಬೇಡಿ ಅಂದಿರಿ. ಚಪ್ಪಟೆ ಪಾದ, ಒಂದಕ್ಕೊಂದು ತಾಗುವ ಮೊಣಕಾಲು ಇದ್ದವರಿಗೆ ಆಸೆ ಹುಟ್ಟಿಸದೆ ಮೊದಲೇ ಹೇಳಿದಿರಿ. ಅದು ಎಲ್ಲರ ಕೈಲಿ ಆಗುವ ಮಾತಲ್ಲ. ಸೀಟು ಕೊಡಿಸುತ್ತೇನೆಂದು ಏಜೆಂಟ್ ಬಂದಾಗ, ಆ ದುಡ್ಡಲ್ಲಿ ಹುಡುಗನಿಗೆ ಹಾಲು ಮೊಟ್ಟೆ ತಂದುಕೊಡಿ ಅಂದವರೂ ನೀವೇ.

31 ವಾರ ತರಬೇತಿ ಮುಗಿಸಿ, ಧ್ವಜದ ಮುಂದೆ ಬಲಗೈ ಎತ್ತಿ ಕಸಂ ತಗೊಂಡು ಹೊರಬಂದ ಹುಡುಗರಿಗೆ ನಾವು ಪೇಢೆ ತಿನ್ನಿಸುತ್ತಿದ್ದರೆ ನೀವು ಶಾಬಾಶ್ ಅಂದು ಮತ್ತೆ ಲೆಕ್ಕಕ್ಕೇ ಕೂತಿರಿ: ನಾಲ್ಕು ವರ್ಷದ ನಂತರ ಸೇನೆಯಲ್ಲಿ ಉಳಿಯುವವರು ನೂರಕ್ಕೆ 25ರವರೆಗೆ ಮಾತ್ರ, ಫೈರಿಂಗ್ ಮತ್ತು ಓಟದ ದಾಖಲೆ ಇವತ್ತಿನಿಂದಲೇ ಶುರು, ರಜೆಯಲ್ಲಿ ಊರಿಗೆ ಹೋದಾಗಲೂ ಬೆಳಿಗ್ಗೆ ಐದಕ್ಕೆ ಏಳಬೇಕು. ಸಾಹೇಬರೇ, ಹುಡುಗರು ಈಗ ರಜೆಯಲ್ಲಿದ್ದಾರೆ. ಐದಕ್ಕೆ ಎಬ್ಬಿಸುವ ಕೆಲಸ ನಮ್ಮ ಪಾಲಿಗೆ ಬಂದಿದೆ.