ವಾಚನಾಲಯದ ಅಕ್ಕಾರಿಗೆ ಥ್ಯಾಂಕ್ಸ್

ಬೆಳಗಾವಿಯ ಟಿಳಕವಾಡಿ ಕಡೆಯ ವಾಚನಾಲಯದಲ್ಲಿ ನನ್ನ ಎದುರು ಕೂರುತ್ತಿದ್ದ ಅಕ್ಕಾರೆ, ಈ ಬರಹ ನಿಮಗೆ.

ನಾನು ಓದುತ್ತಿದ್ದ ನೀಟ್ ಎಂಡಿಎಸ್, ಅಂದರೆ ದಂತವೈದ್ಯರ ಸ್ನಾತಕೋತ್ತರ ಪ್ರವೇಶ ಪರೀಕ್ಷೆ: 240 ಪ್ರಶ್ನೆ, ಮೂರು ತಾಸು. ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಕಟ್. ಆ ಹೆದರಿಕೆಗೇ ಎಲ್ಲರೂ ಬಾಯಿಪಾಠಕ್ಕೆ ಬೀಳುತ್ತಾರೆ. ನೀವು ಮಾತ್ರ ಪುಸ್ತಕ ಮುಚ್ಚಿಸಿ ಕೇಸ್ ಹೇಳುತ್ತಿದ್ದಿರಿ.

"ಹತ್ತು ವರ್ಷದ ಹುಡುಗ. ಆಟದಾಗ ಬಿದ್ದು ಮುಂದಿನ ಹಲ್ಲು ಬೇರು ಸಮೇತ ಹೊರಗ ಬಂದೈತಿ. ಅವ್ವ ಅದನ್ನ ಕರವಸ್ತ್ರದಾಗ ಸುತ್ತಿಕೊಂಡು ಬಂದಾಳ. ಆಕಿ ಏನ್ ಮಾಡಬೇಕಿತ್ತು?"

ಹಾಲಿನಲ್ಲಿ ಹಾಕಿ ತರಬೇಕಿತ್ತು. ಒಣಗಿದರೆ ಬೇರಿನ ಮೇಲಿನ ಜೀವಕೋಶಗಳು ಸಾಯುತ್ತವೆ. ಅದಕ್ಕೇ ಬೇರನ್ನು ಉಜ್ಜಬಾರದು, ಹಲ್ಲಿನ ಮೇಲ್ಭಾಗವನ್ನಷ್ಟೇ ಹಿಡಿಯಬೇಕು. ವಾಪಸ್ ಕೂರಿಸಿದ ಮೇಲೆ ತುಸು ಅಲುಗಾಡಲು ಬಿಡುವ ಸ್ಪ್ಲಿಂಟ್, ಅಂದರೆ ಪಕ್ಕದ ಹಲ್ಲುಗಳಿಗೆ ಸೇರಿಸಿ ಕಟ್ಟುವ ಆಸರೆ, ಎರಡು ವಾರ. ಕಾರಣ ಒಂದು ಗೊತ್ತಾದರೆ ಉಳಿದದ್ದನ್ನು ಸುಮ್ನೆ ಉರು ಹೊಡೆಯೋದು ಬೇಕಿಲ್ಲ, ಅಲ್ವಾ?

ಮುಖದ ಮೂಳೆಗಳ ಮೂರು ಬಗೆಯ ಲೆ ಫೋರ್ಟ್ ಮುರಿತಗಳನ್ನಂತೂ ನಿಮ್ಮ ಮುಖದ ಮೇಲೇ ಬೆರಳಾಡಿಸಿ ತೋರಿಸಿದಿರಿ. ಒಂದನೆಯದು ಮೇಲಿನ ಹಲ್ಲುಗಳ ಬೇರಿಗಿಂತ ಮೇಲೆ ಹಾಯುವ ಅಡ್ಡಗೆರೆ. ಎರಡನೆಯದು ಮೂಗಿನ ಬುಡಕ್ಕೆ ಏರುವ ಪಿರಮಿಡ್. ಮೂರನೆಯದರಲ್ಲಿ ಇಡೀ ಮುಖವೇ ತಲೆಬುರುಡೆಯಿಂದ ಬೇರೆ. ಪೇಪರ್ ಓದುತ್ತಿದ್ದ ಕಾಕಾ ನಿಮ್ಮನ್ನೇ ಗಾಬರಿಯಿಂದ ನೋಡುತ್ತಿದ್ದರು, ಪಾಪ.

ಲೆ ಫೋರ್ಟ್ ಈಗ ಕನಸಿನಲ್ಲಿ ಕೇಳಿದರೂ ಹೇಳುತ್ತೇನೆ. ರ‍್ಯಾಂಕ್ ಬಂದಿದೆ, ಕೌನ್ಸೆಲಿಂಗ್‌ಗೆ ಕಾಯುತ್ತಿದ್ದೇನೆ. ನಿಮ್ಮ ಹೆಸರು ಕೇಳುವುದೊಂದು ಉಳಿದುಹೋಯಿತು. ಎಲ್ಲಾದರೂ ಸಿಕ್ಕರೆ ಒಂದು ಡಬ್ಬಿ ಕುಂದಾ ನನ್ನ ಕಡೆಯಿಂದ ಬಾಕಿ ಇದೆ, ಅಕ್ಕಾರೆ.