ವಿಮಾನ ಬಿದ್ದ ಫೋಟೊ ಕಳಿಸುವ ಮುಂಚೆ

ಸಂಪಾದಕರಿಗೆ ನಮಸ್ಕಾರ,

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ತಾಯಿ ಇದ್ದಾರೆ. ಅವರ ಮಗ ವಾಯುಪಡೆಯಲ್ಲಿ ಟೆಕ್ನಿಷಿಯನ್, ಉತ್ತರದ ಕಡೆ ಪೋಸ್ಟಿಂಗ್. 2025ರ ಮೇ 7, ಪಾಕಿಸ್ತಾನದ ಮೇಲೆ ನಮ್ಮ ಸೇನೆಯ ಆಪರೇಷನ್ ಸಿಂಧೂರ ಶುರುವಾದ ದಿನ. ಬೆಳಿಗ್ಗೆ ಆಕೆ ಜಗಲಿ ಮೇಲೆ ಕೂತು ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಪಕ್ಕದಲ್ಲಿಟ್ಟಿದ್ದ ಮೊಬೈಲಿಗೆ ಒಂದರ ಹಿಂದೆ ಒಂದು ಮೆಸೇಜ್ ಬರುತ್ತಲೇ ಇತ್ತು. ಬೆರಳಿಗೆಲ್ಲ ಹುಣಸೆ ಅಂಟಿತ್ತು. ಕಿರುಬೆರಳಲ್ಲಿ ಒತ್ತಿ ನೋಡಿದರು, ಆಗಲಿಲ್ಲ. ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದ ನನ್ನನ್ನು ಕರೆದು "ಇದೇನು ಬಂದಿದೆ ನೋಡಿ ಹೇಳಣ್ಣ" ಅಂದರು.

ಬೀದಿಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಯಾರೋ ಹಾಕಿದ ಫೋಟೊ. ಹೊಲದಲ್ಲಿ ಮುರಿದು ಬಿದ್ದ ವಿಮಾನ. ಕೆಳಗೆ 'ನಮ್ಮ ರಫೇಲ್ ಹೊಡೆದುಬಿಟ್ಟರಂತೆ' ಅಂತ ಬರೆದಿತ್ತು. ಐದು ನಿಮಿಷ ಬಿಟ್ಟು ಇನ್ನೊಬ್ಬರು ಅದೇ ಫೋಟೊ ಹಾಕಿ 'ಅವರದ್ದು ಉರುಳಿಸಿದ್ವಿ' ಅಂತ ಬರೆದು ಪಟಾಕಿ ಚಿತ್ರ ಸೇರಿಸಿದ್ದರು. ಆ ತಾಯಿ ಎರಡನ್ನೂ ಕೇಳಿಸಿಕೊಂಡು ಕೇಳಿದ್ದು ಒಂದೇ ಮಾತು. "ನಮ್ ಹುಡುಗ ಇರೋ ಕಡೆನಾ ಅಣ್ಣ?"

ಏನು ಹೇಳಲಿ? ಅದೇ ಫೋಟೊವನ್ನು ಅರ್ಧ ಗಂಟೆ ಮುಂಚೆ ನಾನೇ ನಮ್ಮ ಅಳಿಯನಿಗೆ ಕಳಿಸಿದ್ದೆ. ಅದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಆಮೇಲೆ ಸರ್ಕಾರದ ಪಿಐಬಿ ಫ್ಯಾಕ್ಟ್‌ಚೆಕ್‌ನವರು ತಿಳಿಸಿದರು, ಅದು ಹಳೇ ಫೋಟೊ, 2021ರಲ್ಲಿ ಪಂಜಾಬಿನ ಮೋಗಾ ಜಿಲ್ಲೆಯಲ್ಲಿ ಬಿದ್ದ ಮಿಗ್-21 ವಿಮಾನದ್ದು ಅಂತ. ಆ ಅಪಘಾತದಲ್ಲಿ ಒಬ್ಬ ಸ್ಕ್ವಾಡ್ರನ್ ಲೀಡರ್ ತೀರಿಕೊಂಡಿದ್ದರು. ಅಂದರೆ ನಾವು ಮೊಬೈಲಿಂದ ಮೊಬೈಲಿಗೆ ದಾಟಿಸಿದ್ದು ಒಬ್ಬರ ಮನೆ ಮಗ ಸತ್ತ ಜಾಗದ ಫೋಟೊ. ಅವರ ಅಪ್ಪ ಅಮ್ಮನ ಮೊಬೈಲಿಗೂ ಅದು ಬಂದಿರಬಹುದು ಅಲ್ವಾ? ನಾಲ್ಕು ವರ್ಷ ಆದಮೇಲೆ, ಬೇರೆ ವಿಮಾನದ ಹೆಸರಲ್ಲಿ, ಪಟಾಕಿ ಚಿತ್ರದ ಜೊತೆ. ಇದು ನೆನಪಾದರೆ ಈಗಲೂ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಪಕ್ಕದ ಮನೆ ಹುಡುಗನ ಫೋನ್ ಬಂದಿದ್ದು ಮೇ 11ರ ಭಾನುವಾರ, ಕದನವಿರಾಮದ ಮಾರನೇ ದಿನ. ಅಲ್ಲಿವರೆಗೂ ಸ್ವಿಚ್ ಆಫ್. "ಆ ಗ್ರೂಪಿಂದ ಆಚೆ ಬಂದುಬಿಡಿ ಅಕ್ಕ, ಸುಮ್ನೆ ಯಾಕೆ ಹೆದರ್ಕೋತೀರಿ" ಅಂತ ನಮ್ಮ ಮನೆಯವಳು ಹೇಳಿದರೆ ಆಕೆ ಒಪ್ಪಲಿಲ್ಲ. ನಿಜವಾದ ಸುದ್ದಿಯೂ ಅದರಲ್ಲೇ ಮೊದಲು ಬಂದರೆ ಅಂತ ಭಯ. ಹಾಗಾಗಿ ಬಂದ ಒಂದೊಂದು ಫೋಟೊವನ್ನೂ ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡುತ್ತಾ ನಾಲ್ಕು ದಿನ ಕಳೆದರು.

ಯುದ್ಧದ ದಿನ ವಿಮಾನ ಬಿದ್ದರೆ ನಮಗೆಲ್ಲ ಪೈಲಟ್ ಒಬ್ಬನೇ ನೆನಪಾಗುತ್ತಾನೆ. 2019ರ ಫೆಬ್ರವರಿ 27 ನೆನಪಿದೆಯಾ ಅಂತ ಯಾರನ್ನು ಬೇಕಾದರೂ ಕೇಳಿ, ಅವತ್ತು ಪಾಕಿಸ್ತಾನದವರ ಕೈಗೆ ಸಿಕ್ಕಿದ್ದ ಪೈಲಟ್ ಅಭಿನಂದನ್ ಹೆಸರು ಹೇಳುತ್ತಾರೆ. ಅವರು ಮಾರ್ಚ್ 1ರಂದು ವಾಘಾ ಗಡಿ ದಾಟಿ ಬಂದಾಗ ನಾನೂ ಟಿವಿ ಮುಂದೆ ಕೂತು ಕಣ್ಣೀರು ಹಾಕಿದವನೇ, ಅದಕ್ಕೆ ನಾಚಿಕೆ ಇಲ್ಲ. ಆದರೆ ಅದೇ ಫೆಬ್ರವರಿ 27ರ ಬೆಳಿಗ್ಗೆ ಕಾಶ್ಮೀರದ ಬಡಗಾಮ್‌ನಲ್ಲಿ ಒಂದು ಎಂಐ-17 ಹೆಲಿಕಾಪ್ಟರ್ ಬಿತ್ತು. ವಾಯುಪಡೆಯ ಆರು ಜನ ಹೋದರು. ಕೆಳಗಿದ್ದ ಒಬ್ಬ ಹಳ್ಳಿಯವನೂ ಸತ್ತ. ಆರು ಜನರಲ್ಲಿ ಪೈಲಟ್‌ಗಳು ಮಾತ್ರ ಇರಲಿಲ್ಲ. ಸಾರ್ಜೆಂಟ್, ಕಾರ್ಪೊರಲ್ ದರ್ಜೆಯ ಹುಡುಗರೂ ಇದ್ದರು. ನಮ್ಮ ಹಳ್ಳಿಗಳಿಂದ ಪಿಯುಸಿ ಮುಗಿಸಿ ವಾಯುಪಡೆ ಸೇರುತ್ತಿದ್ದ ಹುಡುಗರು ಜಾಸ್ತಿ ಹೋಗುತ್ತಿದ್ದುದು ಆ ದರ್ಜೆಗೇ. ಅವತ್ತು ಟೀ ಅಂಗಡಿಯಲ್ಲಿ ಇಡೀ ದಿನ ಯುದ್ಧದ ಮಾತೇ ಆಡಿದೆವು, ಈ ಏಳು ಜನರ ಬಗ್ಗೆ ಒಬ್ಬರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ.

ಮೊದಲು ತಾಂತ್ರಿಕ ದೋಷ ಇರಬಹುದು ಅಂತ ಸುದ್ದಿ ಬಂತು. ಏಳು ತಿಂಗಳಾದ ಮೇಲೆ, ಅಕ್ಟೋಬರ್ 4ರಂದು, ಆಗಿನ ವಾಯುಪಡೆ ಮುಖ್ಯಸ್ಥ ಭದೌರಿಯಾ ಅವರೇ ಒಪ್ಪಿಕೊಂಡರು, ಅದಕ್ಕೆ ತಾಗಿದ್ದು ನಮ್ಮದೇ ಕ್ಷಿಪಣಿ, ನಮ್ಮಿಂದ ದೊಡ್ಡ ತಪ್ಪಾಗಿದೆ ಅಂತ. ನೆಲದ ಮೇಲಿದ್ದ ನಮ್ಮವರು ನಮ್ಮವರನ್ನೇ ಶತ್ರು ಅಂದುಕೊಂಡು ಹೊಡೆದಿದ್ದರು. ಇದನ್ನು ನಾನು ಪೇಪರಿನ ಒಳಪುಟದಲ್ಲಿ ಓದಿದ ನೆನಪು. ಮುಚ್ಚಿಡದೆ ಹೇಳಿದರಲ್ಲ, ಅದಕ್ಕೆ ಗೌರವವಿದೆ. ಆದರೆ ಅಷ್ಟು ಹೊತ್ತಿಗೆ ಕೇಳಿಸಿಕೊಳ್ಳುವವರು ಯಾರೂ ಉಳಿದಿರಲಿಲ್ಲ.

ಯುದ್ಧ ನಡೆಯುವಾಗ ಪ್ರಶ್ನೆ ಕೇಳಬಾರದು ಅನ್ನುವವರು ಇದ್ದಾರೆ. ಆ ನಾಲ್ಕು ದಿನದ ಮಟ್ಟಿಗೆ ನಾನೂ ಒಪ್ಪುತ್ತೇನೆ, ಯಾವ ವಿಮಾನ ಎಲ್ಲಿ ಬಿತ್ತು ಅನ್ನುವುದು ಎದುರಿನವನಿಗೆ ಬೇಕಾದ ಮಾಹಿತಿ. ಆಮೇಲೆ? ಸಿಂಧೂರದ ನಂತರ ಮೇ 31ರಂದು ಸಿಂಗಪುರದಲ್ಲಿ ಸೇನಾ ಪಡೆಗಳ ಮುಖ್ಯಸ್ಥ ಅನಿಲ್ ಚೌಹಾಣ್ ಅವರು ಶುರುವಿನಲ್ಲಿ ನಮ್ಮ ವಿಮಾನಗಳೂ ಹೋದವು ಅಂತ ಒಪ್ಪಿಕೊಂಡರು. ಆರು ವಿಮಾನ ಅನ್ನುವ ಪಾಕಿಸ್ತಾನದ ಲೆಕ್ಕ ಸುಳ್ಳು, ವಿಮಾನ ಬಿತ್ತು ಅನ್ನುವುದಕ್ಕಿಂತ ಯಾಕೆ ಬಿತ್ತು ಅನ್ನುವುದು ಮುಖ್ಯ ಅಂದರು. ಸೇನೆಯವರೇ ಹೀಗೆ ಹೇಳಿದ ಮೇಲೂ ನಮ್ಮ ಗ್ರೂಪಿನಲ್ಲಿ ಅದನ್ನು ಹಾಕಿದ ಕಾಲೇಜು ಹುಡುಗನನ್ನು ದೇಶದ್ರೋಹಿ ಅಂತ ಬೈದರು. ಆ ಹುಡುಗ ಏನು ತಪ್ಪು ಮಾಡಿದ?

ಈ ಮಾತು ನಮ್ಮ ಜಿಲ್ಲೆಗೆ ಇನ್ನೂ ಹತ್ತಿರದ್ದು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 615 ಎಕರೆಯಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಎದ್ದಿದೆ. 2023ರ ಫೆಬ್ರವರಿ 6ರಂದು ಪ್ರಧಾನಿ ಬಂದು ಉದ್ಘಾಟಿಸಿದಾಗ ನಮಗೆಲ್ಲ ಎಷ್ಟು ಹೆಮ್ಮೆ ಆಗಿತ್ತು. ಇನ್ನು ಮುಂದೆ ಗಡಿಯಲ್ಲಿ ಹಾರುವ ಹೆಲಿಕಾಪ್ಟರ್ ನಮ್ಮೂರಲ್ಲೇ ತಯಾರಾಗಿದ್ದಿರಬಹುದು, ಅದರ ನಟ್ಟು ಬೋಲ್ಟು ಬಿಗಿದವನು ನಮ್ಮ ನೆಂಟನೇ ಇರಬಹುದು. ಅಂಥದ್ದು ಒಂದು ಬಿದ್ದರೆ ನಮ್ಮ ಬೀದಿಯವರು ಏನು ಮಾಡುತ್ತಾರೆ, ಫೋಟೊ ಕಳಿಸುತ್ತಾರಾ?

ಜನಕ್ಕೆ ನಾನು ಕೇಳುವುದು ಇಷ್ಟೇ, ಸತ್ತವರ ಮನೆಗೆ ಸುದ್ದಿ ಮುಟ್ಟಿ, ಸೇನೆಯವರು ಹೆಸರು ಹೇಳುವ ತನಕ ಆ ಫೋಟೊ ನಿಮ್ಮ ಮೊಬೈಲಿನಲ್ಲೇ ಇರಲಿ. ನಾನು ಆವತ್ತೇ ಅಳಿಯನಿಗೆ ಫೋನ್ ಮಾಡಿ ಅಳಿಸಲು ಹೇಳಿದೆ. ಅವನು ಅಷ್ಟರಲ್ಲಾಗಲೇ ಎರಡು ಗ್ರೂಪಿಗೆ ಹಾಕಿದ್ದ.

ನಿಮಗೂ ಒಂದು ಕೋರಿಕೆ ಇದೆ. ಯುದ್ಧ ಕಾಲದಲ್ಲಿ ವಿಮಾನವೋ ಹೆಲಿಕಾಪ್ಟರೋ ಬಿದ್ದರೆ ಸತ್ತವರೆಲ್ಲರ ಹೆಸರನ್ನೂ ಹಾಕಿ. ಪೈಲಟ್ ಹೆಸರನ್ನು ಮಾತ್ರ ದಪ್ಪಕ್ಷರದಲ್ಲಿ ಕೊಟ್ಟು, ಉಳಿದವರನ್ನು 'ಇತರ ನಾಲ್ವರು' ಅಂತ ಸೇರಿಸಿ ಮುಗಿಸಬೇಡಿ. ಆಮೇಲೆ ಆರು ತಿಂಗಳಾಗಲಿ, ಎರಡು ವರ್ಷವಾಗಲಿ, ತನಿಖೆಯಲ್ಲಿ ಕಾರಣ ಹೊರಬಂದ ದಿನ ಅದನ್ನೂ ಮೊದಲ ಪುಟದಲ್ಲೇ ಹಾಕಿ, ಹೆಸರುಗಳನ್ನು ಇನ್ನೊಂದು ಸಲ ಅಚ್ಚು ಮಾಡಿ. ಪಕ್ಕದ ಮನೆಯವರು ನಿಮ್ಮ ಪತ್ರಿಕೆಯನ್ನು ನಮ್ಮ ಮನೆಯಿಂದಲೇ ಇಸ್ಕೊಂಡು ಓದುತ್ತಾರೆ, ಮೊದಲ ಪುಟದಿಂದ ಕೊನೇ ಪುಟದ ತನಕ.

ಒಬ್ಬ ಓದುಗ,
ಗುಬ್ಬಿ, ತುಮಕೂರು ಜಿಲ್ಲೆ