ಕಡಲ ಪಾಠ ಹೊರಡುವ ಮುನ್ನವೇ ಸಿಗಲಿ

ಮಾನ್ಯ ಸಂಪಾದಕರೆ,

ರಜೆ ಬಂತೆಂದರೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನಮ್ಮ ವಿಜಯಪುರ, ಬಾಗಲಕೋಟೆ ಕಡೆಯವರು ಕಾರವಾರದತ್ತ ಹೊರಡುವುದು ರೂಢಿ. ಗೋವಾದ ಗದ್ದಲವಿಲ್ಲದೆ, ಕಾಳಿ ನದಿ ಸಮುದ್ರ ಸೇರುವುದನ್ನೂ ಟ್ಯಾಗೋರ್ ಕಡಲತೀರದ ಯುದ್ಧನೌಕೆ ವಸ್ತುಸಂಗ್ರಹಾಲಯವನ್ನೂ ನಿರಾಳವಾಗಿ ನೋಡಬಹುದಾದ ಊರದು.

ಆದರೆ ತೋಟದ ಬಾವಿಯಲ್ಲಿ, ಕೃಷ್ಣೆಯ ಹಿನ್ನೀರಿನಲ್ಲಿ ಈಜು ಕಲಿತ ನಮ್ಮ ಹುಡುಗರು ಸಮುದ್ರಕ್ಕೂ ಅದೇ ಧೈರ್ಯದಿಂದ ಇಳಿಯುತ್ತಾರೆ. ದಡಕ್ಕೆ ಬಂದ ನೀರು ಕಿರಿದಾದ ಜಾಡು ಹಿಡಿದು ರಭಸದಿಂದ ಹಿಂದಕ್ಕೆ ಹರಿಯುವ ಕಡೆ ಅಲೆಗಳು ಒಡೆಯುವುದು ಕಡಿಮೆಯಾದ್ದರಿಂದ, ಅತ್ಯಂತ ಅಪಾಯದ ಜಾಗವೇ ಹೊಸಬರ ಕಣ್ಣಿಗೆ ಶಾಂತವಾಗಿ ಕಾಣುತ್ತದೆ. ಆ ಸೆಳೆತಕ್ಕೆ ಸಿಕ್ಕವರು ನೇರವಾಗಿ ದಡದತ್ತ ಈಜಿ ದಣಿಯದೆ, ತೇಲುತ್ತ ನೆರವಿಗೆ ಕೈಯೆತ್ತಬೇಕು; ಕಸುವಿದ್ದರೆ ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು. ಬಯಲುಸೀಮೆಯ ಮಕ್ಕಳಿಗೆ ಇದನ್ನು ಹೇಳಿಕೊಡುವವರು ವಿರಳ. (ಅಲೆಗಳಿಗೆ ಬೆನ್ನು ಮಾಡಿ ಸೆಲ್ಫಿ ತೆಗೆದುಕೊಳ್ಳುವ ಹಿರಿಯರಿಗೂ ಈ ಪಾಠ ಬೇಕು!)

ಆದ್ದರಿಂದ ಶಾಲಾ ಪ್ರವಾಸಕ್ಕೆ ಅನುಮತಿ ನೀಡುವಾಗಲೇ ಮಕ್ಕಳಿಗೂ ಶಿಕ್ಷಕರಿಗೂ ಈ ತಿಳಿವಳಿಕೆ ನೀಡುವುದನ್ನು ಶಿಕ್ಷಣ ಇಲಾಖೆ ಕಡ್ಡಾಯಗೊಳಿಸಬೇಕು. ಜೀವರಕ್ಷಕರಿಲ್ಲದ ತೀರದಲ್ಲಿ ಮಕ್ಕಳನ್ನು ನೀರಿಗಿಳಿಸಬಾರದು.

– ಓರ್ವ ಪಾಲಕ, ವಿಜಯಪುರ